ಸ್ವಂತ ವ್ಯಾಪಾರ ಬೇಸರ ಬಂದಿದೆಯೇ? ಈ ಮಳೆಗಾಲದಲ್ಲಿ ಮಾಡಿ ಮುಗಿಸಬೇಕಾದ ಕೆಲಸಗಳು

ಬೆಳಿಗ್ಗೆ ಶಟರ್ ಎತ್ತಲು ಮನಸ್ಸೇ ಬರುವುದಿಲ್ಲ. ಗಿರಾಕಿ ಬಂದರೆ ಖುಷಿಯಾಗುವುದಿಲ್ಲ, "ಈಗ ಯಾಕೆ ಬಂದರಪ್ಪ" ಅನಿಸುತ್ತದೆ. ಫೋನ್ ರಿಂಗಾಗುತ್ತಲೇ ಇದ್ದರೂ ಎತ್ತಲು ಬೇಜಾರು. ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಶಿರಸಿ, ಕುಮಟಾ, ಕಾರವಾರ ಕಡೆ ಖಾನಾವಳಿ, ಹೋಮ್‌ಸ್ಟೇ, ಉಪ್ಪಿನಕಾಯಿ ಘಟಕ, ಗ್ಯಾರೇಜ್ ನಡೆಸುವವರ ಬಾಯಲ್ಲಿ ಇದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿರುತ್ತೇನೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಸೋಮಾರಿಗಳಲ್ಲ. ಹತ್ತಾರು ವರ್ಷ ಎಲ್ಲರಿಗಿಂತ ಜಾಸ್ತಿ ದುಡಿದವರು.

ಇಂಥವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೆಂದರೆ ಏನಾದರೂ ಹೊಸದು. ಹೊಸ ಬೋರ್ಡು, ಹೊಸ ಬಣ್ಣ, ಹೊಸ ಸಾಲ, ಎರಡನೇ ಶಾಖೆ. ಒದ್ದೆ ಕಟ್ಟಿಗೆಯ ಮೇಲೆ ಸೀಮೆಎಣ್ಣೆ ಸುರಿದ ಹಾಗೆ, ನಾಲ್ಕು ದಿನ ಉರಿದು ಮತ್ತೆ ಹೊಗೆ. ಹುರುಪು ಹೋಗಿದ್ದಕ್ಕೆ ಕಾರಣಗಳಿರುತ್ತವೆ. ಅವನ್ನು ಸರಿಪಡಿಸುವುದಕ್ಕೂ ಒಂದು ಕ್ರಮ ಇದೆ. ಮೊದಲು ದೇಹ ಮತ್ತು ಮನಸ್ಸು, ಆಮೇಲೆ ಹಣ, ಆಮೇಲೆ ದಿನದ ಕೆಲಸ, ಆಮೇಲೆ ಜನ. ಹೊಸದು ಕೊನೆಗೆ. ಈ ಕ್ರಮ ತಪ್ಪಿಸಬೇಡಿ ಎಂಬುದೇ ಈ ಬರಹದಲ್ಲಿ ನಾನು ಒತ್ತಿ ಹೇಳುವ ಮಾತು.

ಇದಕ್ಕೆ ಸರಿಯಾದ ಸಮಯ ನಮ್ಮ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಕಾರವಾರದ ಬೈತಖೋಲದಿಂದ ಭಟ್ಕಳದವರೆಗೆ ಬಂದರುಗಳ ಸುತ್ತಲಿನ ವ್ಯಾಪಾರ ನಿಧಾನವಾಗುತ್ತದೆ. ಗೋಕರ್ಣ, ಮುರುಡೇಶ್ವರದ ಕಡಲತೀರಗಳಲ್ಲಿ ಜನ ಕಡಿಮೆ. ಶಿರಸಿ ಪೇಟೆಯಲ್ಲೂ ಅಡಿಕೆ ದುಡ್ಡಿನ ಓಡಾಟ ಇಳಿದಿರುತ್ತದೆ. ಜಲಪಾತ ನೋಡಲು ಬರುವವರನ್ನು ನಂಬಿದ ಯಲ್ಲಾಪುರ, ಸಿದ್ದಾಪುರ ಕಡೆಯವರಿಗೆ ಮಳೆಯಲ್ಲೇ ಗಿರಾಕಿ ಇರಬಹುದು. ಅಂಥವರು ತಮ್ಮ ಖಾಲಿ ತಿಂಗಳು ಯಾವುದೆಂದು ನೋಡಿ, ಅಲ್ಲಿಂದ ಶುರು ಮಾಡಿ.

ಮೊದಲ ಹೆಜ್ಜೆ: ಇದು ಯಾವ ಬೇಸರ?

ಕೆಲಸದಿಂದ ಬರುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ತನ್ನ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ವಿವರಿಸಿದೆ. ಇದನ್ನು ಬರ್ನ್‌ಔಟ್ ಅನ್ನುತ್ತಾರೆ. ಅದು ಕಾಯಿಲೆಯಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದೇ ಅಲ್ಲಿ ಬರೆದಿದೆ. ಅದಕ್ಕೆ ಮೂರು ಗುರುತುಗಳಿವೆ. ಶಕ್ತಿಯೆಲ್ಲ ಬತ್ತಿಹೋದ ಹಾಗಿರುವುದು, ಕೆಲಸದಿಂದ ಮನಸ್ಸು ದೂರ ಸರಿದು ಅದರ ಮೇಲೆ ಕಹಿ ಹುಟ್ಟುವುದು, ಮತ್ತು "ನನ್ನ ಕೈಲಿ ಏನೂ ಸರಿಯಾಗಿ ಆಗುತ್ತಿಲ್ಲ" ಅನಿಸುವುದು.

ಇಲ್ಲಿ ಒಂದು ಪರೀಕ್ಷೆ ಮಾಡಿಕೊಳ್ಳಿ. ಅಂಗಡಿಯಿಂದ ದೂರ ಇದ್ದಾಗ ಮನಸ್ಸು ಹಗುರಾಗುತ್ತದೆಯೇ? ನೆಂಟರ ಮನೆಯ ಊಟ, ರಾತ್ರಿಯ ಯಕ್ಷಗಾನ, ಮಕ್ಕಳ ಜೊತೆಗಿನ ಒಂದು ಸಂಜೆ ಖುಷಿ ಕೊಡುತ್ತದೆಯೇ? ಕೊಡುತ್ತದೆ ಅಂದರೆ ತೊಂದರೆ ಹೆಚ್ಚಾಗಿ ವ್ಯಾಪಾರದಲ್ಲಿದೆ, ಮುಂದಿನ ಹೆಜ್ಜೆಗಳು ನಿಮಗೇ. ಯಾವುದರಲ್ಲೂ ರುಚಿಯಿಲ್ಲ, ನಿದ್ದೆ ಕೆಟ್ಟಿದೆ, ಊಟ ಸೇರುತ್ತಿಲ್ಲ, ಬದುಕೇ ಸಾಕು ಅನಿಸುತ್ತಿದೆ ಅಂದರೆ ಈ ಬರಹ ಪಕ್ಕಕ್ಕಿಡಿ. ಮೊದಲು ವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಥೈರಾಯ್ಡ್, ಸಕ್ಕರೆ ಕಾಯಿಲೆ, ರಕ್ತಹೀನತೆ ಇದ್ದರೂ ಸುಸ್ತು ಇರುತ್ತದೆ. ಒಂದು ರಕ್ತಪರೀಕ್ಷೆ ಮಾಡಿಸಿಬಿಡಿ.

ಇನ್ನೊಂದು ವಿಷಯ. ಎಲ್ಲ ಹೊಡೆತವೂ ನಿಮ್ಮಿಂದ ಆದದ್ದಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು. ಹೆದ್ದಾರಿ ದಿನಗಟ್ಟಲೆ ಬಂದಾಯಿತು. ಅಡಿಕೆಗೆ ಕೊಳೆ ಅಥವಾ ಎಲೆಚುಕ್ಕಿ ರೋಗ ಬಂದ ವರ್ಷ ಶಿರಸಿಯ ಬಟ್ಟೆ ಅಂಗಡಿಯವರಿಗೂ ಅದರ ಬಿಸಿ ತಟ್ಟುತ್ತದೆ. ಇಂಥ ವರ್ಷದ ನಷ್ಟವನ್ನು ನಿಮ್ಮ ಕೈಲಾಗದತನ ಎಂದು ಲೆಕ್ಕ ಹಾಕಬೇಡಿ.

ಎರಡನೇ ಹೆಜ್ಜೆ: ಎರಡು ವಾರ ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ಗಲ್ಲೆಯ ಪಕ್ಕ ಇಟ್ಟುಕೊಳ್ಳಿ. ಮಾಡಿದ ಕೆಲಸ, ತೆಗೆದುಕೊಂಡ ಹೊತ್ತು, ಮುಗಿದಾಗ ಹೇಗನಿಸಿತು, ಇಷ್ಟೇ. ಹಗುರಾದರೆ ಕೂಡಿಸುವ ಗುರುತು, ಭಾರವಾದರೆ ಕಳೆಯುವ ಗುರುತು. ರಾತ್ರಿ ನೆನಪಿಸಿಕೊಂಡು ಬರೆಯಬೇಡಿ, ಆಗ ದಿನವೆಲ್ಲ ಕಳೆಯುವ ಗುರುತೇ ಆಗುತ್ತದೆ. ಕೆಲಸ ಮುಗಿದ ತಕ್ಷಣ ಬರೆಯಿರಿ.

ಎರಡು ವಾರದವರೆಗೆ ಏನನ್ನೂ ಬದಲಿಸುವುದು ಬೇಡ. ಸುಮ್ನೆ ಗಮನಿಸಿ.

ಮೂರನೇ ಹೆಜ್ಜೆ: ಹಣದ ಗಂಟು ಬಿಡಿಸಿ

ಇಲ್ಲಿ ನಿಧಾನಕ್ಕೆ ಓದಿ. ಬೇಸರದ ಬೇರು ಬಹಳ ಸಲ ಇಲ್ಲೇ ಇರುತ್ತದೆ, ಆದರೆ ಜನ ಇಲ್ಲಿ ಹುಡುಕುವುದೇ ಇಲ್ಲ. "ವ್ಯಾಪಾರ ಚೆನ್ನಾಗೇ ಇದೆ, ನನಗೇ ಮನಸ್ಸಿಲ್ಲ" ಅನ್ನುತ್ತಾರೆ. ಲೆಕ್ಕ ಹಾಕಿದರೆ ಮನಸ್ಸಿಲ್ಲದಿರುವುದಕ್ಕೆ ನ್ಯಾಯವಾದ ಕಾರಣ ಸಿಗುತ್ತದೆ.

ಕಾರವಾರದಲ್ಲಿ ಗಂಡ ಹೆಂಡತಿ ನಡೆಸುವ ಒಂದು ಮೀನೂಟದ ಖಾನಾವಳಿ ಅಂದುಕೊಳ್ಳಿ. ದಿನಕ್ಕೆ 70 ಊಟ, 9,000 ರೂಪಾಯಿ ವ್ಯಾಪಾರ. ತಿಂಗಳಿಗೆ 26 ದಿನಕ್ಕೆ 2,34,000. ಮೀನು, ಅಕ್ಕಿ, ಎಣ್ಣೆ, ತೆಂಗಿನಕಾಯಿ, ಗ್ಯಾಸ್ ಸೇರಿ 1,35,000. ಕೆಲಸದವರ ಸಂಬಳ 45,000. ಬಾಡಿಗೆ 15,000. ಕರೆಂಟು, ನೀರು, ರಿಪೇರಿ 6,000. ಉಳಿದದ್ದು 33,000. ಇದನ್ನು ಅವರು ಲಾಭ ಅನ್ನುತ್ತಾರೆ.

ಈಗ ಕೇಳಿ. ಇಬ್ಬರೂ ಬೆಳಿಗ್ಗೆ ಮೀನು ಮಾರುಕಟ್ಟೆಯಿಂದ ಹಿಡಿದು ರಾತ್ರಿ ಪಾತ್ರೆ ಎತ್ತಿಡುವವರೆಗೆ ನಿಂತೇ ಇರುತ್ತಾರೆ. ಇದೇ ಕೆಲಸಕ್ಕೆ ಬೇರೆಯವರನ್ನು ಇಟ್ಟಿದ್ದರೆ ಅಡುಗೆಯವರಿಗೆ 18,000, ಗಲ್ಲೆ ನೋಡುವವರಿಗೆ 12,000 ಕೊಡಬೇಕಿತ್ತು. ಅಲ್ಲಿಗೆ 30,000 ಹೋಯಿತು. ವ್ಯಾಪಾರ ಗಳಿಸಿದ್ದು ಬರೀ 3,000. ದಂಪತಿ ತಮ್ಮದೇ ಖಾನಾವಳಿಯಲ್ಲಿ ಕಡಿಮೆ ಸಂಬಳದ ಕೆಲಸಗಾರರಾಗಿದ್ದಾರೆ. ಸಾಲದ ಚಿಂತೆ, ಬಾಡಿಗೆಯ ಚಿಂತೆ ಬೇರೆ. ಹುರುಪು ಎಲ್ಲಿಂದ ಬರಬೇಕು?

ನಿಮ್ಮ ವ್ಯಾಪಾರಕ್ಕೂ ಈ ಲೆಕ್ಕ ಇವತ್ತೇ ಹಾಕಿ. ನಿಮಗೊಂದು ಸಂಬಳ ಗೊತ್ತುಮಾಡಿ. ಪ್ರತಿ ತಿಂಗಳು ಅದೇ ತಾರೀಕಿಗೆ ಅಂಗಡಿಯ ಖಾತೆಯಿಂದ ಮನೆಯ ಖಾತೆಗೆ ಹಾಕಿಕೊಳ್ಳಿ. ಗಲ್ಲೆಯಿಂದ ತರಕಾರಿಗೆ, ಮಕ್ಕಳ ಫೀಸಿಗೆ ಕೈಹಾಕುವುದನ್ನು ನಿಲ್ಲಿಸಿ. ಮನೆಯ ದುಡ್ಡು, ಅಂಗಡಿಯ ದುಡ್ಡು ಒಂದೇ ಡಬ್ಬಿಯಲ್ಲಿ ಇರುವವರೆಗೆ ನಿಮ್ಮ ದುಡಿಮೆಗೆ ಏನು ಬೆಲೆ ಬಂತೆಂದು ಯಾವತ್ತೂ ಗೊತ್ತಾಗುವುದಿಲ್ಲ.

ಆಮೇಲೆ ದರ. ಮೇಲಿನ ಖಾನಾವಳಿ ಊಟಕ್ಕೆ 10 ರೂಪಾಯಿ ಏರಿಸಿದರೆ ತಿಂಗಳಿಗೆ 18,200 ಹೆಚ್ಚು ಬರುತ್ತದೆ. "ಗಿರಾಕಿ ಹೋಗಿಬಿಡುತ್ತಾರೆ" ಎಂಬ ಹೆದರಿಕೆ ಇದೆ ಅಲ್ವಾ? ಅದನ್ನೂ ಲೆಕ್ಕ ಹಾಕೋಣ. ದಿನಕ್ಕೆ 5 ಜನ ಬರುವುದು ನಿಲ್ಲಿಸಿದರು ಅಂದುಕೊಳ್ಳಿ. ಉಳಿದ 65 ಊಟದಿಂದ 16,900 ಹೆಚ್ಚಿಗೆ ಬಂತು. ಹೋದ 130 ಊಟದಲ್ಲಿ ಸಾಮಾನಿನ ಖರ್ಚು ಕಳೆದು ಊಟಕ್ಕೆ ಸುಮಾರು 54 ರೂಪಾಯಿಯಂತೆ 7,000 ಕಳೆದುಕೊಂಡಿರಿ. ಆದರೂ 9,900ರಷ್ಟು ಮಿಕ್ಕಿತು, ಅಡುಗೆಯ ಕೆಲಸವೂ ಕಡಿಮೆಯಾಯಿತು. ದರ ಏರಿಸಲು ಮೀನುಗಾರಿಕೆ ನಿಷೇಧದ ಸಮಯವನ್ನೇ ಆರಿಸಿಕೊಳ್ಳಬೇಡಿ. ಆಗ ಮೀನು ತುಟ್ಟಿ, ಗಿರಾಕಿಗಳಿಗೂ ಇದು ತಾತ್ಕಾಲಿಕ ಅನಿಸುತ್ತದೆ. ಆಗಸ್ಟ್‌ನಲ್ಲಿ ದೋಣಿ ಇಳಿದ ಮೇಲೆ ಹೊಸ ದರದ ಪಟ್ಟಿ ಹಾಕಿ.

ಇನ್ನು ಉದ್ರಿ. ನಮ್ಮ ಕಡೆ ಅಂಗಡಿಯ ಅರ್ಧ ಬೇಸರ ಉದ್ರಿ ಪುಸ್ತಕದಲ್ಲೇ ಇರುತ್ತದೆ. ಬಾಕಿ ಇಟ್ಟುಕೊಂಡವರು ರಸ್ತೆಯಲ್ಲಿ ಮುಖ ತಪ್ಪಿಸುತ್ತಾರೆ, ನಿಮಗೂ ಕೇಳಲು ಮುಜುಗರ. ಹೀಗೆ ದುಡ್ಡೂ ಹೋಯಿತು, ಸ್ನೇಹವೂ ಹೋಯಿತು. ಒಂದು ಮಧ್ಯಾಹ್ನ ಕೂತು ಹೆಸರುಗಳನ್ನು ಮೂರು ಪಾಲು ಮಾಡಿ. ಕೇಳಿದರೆ ಕೊಡುವವರು, ಕಂತಿನಲ್ಲಿ ಕೊಡಬಲ್ಲವರು, ಬರುವುದೇ ಇಲ್ಲ ಅನ್ನುವವರು. ಮೊದಲನೆಯವರಿಗೆ ಈ ವಾರವೇ ಫೋನ್ ಮಾಡಿ. ಎರಡನೆಯವರ ಜೊತೆ ಕೂತು ತಿಂಗಳಿಗೆ ಎಷ್ಟು ಎಂದು ಮಾತಾಡಿ, ಒಟ್ಟು ಬಾಕಿ ಬರೆದು ಸಹಿ ಹಾಕಿಸಿಕೊಳ್ಳಿ. ಈ ಸಹಿಗೆ ಬೆಲೆಯಿದೆ. ಸಾಮಾನು ಕೊಟ್ಟ ಬಾಕಿಗೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ 3 ವರ್ಷದ ಕಾಲಮಿತಿ. ಆ ಅವಧಿ ಮುಗಿಯುವ ಮೊದಲು ಸಾಲಗಾರರು ಬಾಕಿ ಒಪ್ಪಿ ಸಹಿ ಮಾಡಿದರೆ ಅಲ್ಲಿಂದ ಹೊಸದಾಗಿ 3 ವರ್ಷ ಎಣಿಕೆಯಾಗುತ್ತದೆ. ಮೂರನೆಯವರ ಹೆಸರಿನ ಮೇಲೆ ಗೆರೆ ಎಳೆಯಿರಿ. ಮತ್ತೆ ಉದ್ರಿ ಕೊಡಬೇಡಿ, ಆದರೆ ದಿನಾ ಅದನ್ನೇ ನೆನೆದು ಕೊರಗುವುದನ್ನೂ ಬಿಡಿ.

ನೀವು ಸ್ವತಃ ತಯಾರಿಸುವವರಾಗಿದ್ದು ದೊಡ್ಡ ಕಂಪನಿಗೆ ಮಾಲು ಕೊಡುತ್ತಿದ್ದರೆ ಇನ್ನೊಂದು ಬಲ ಇದೆ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಘಟಕಗಳಿಗೆ ಖರೀದಿದಾರರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬಡ್ಡಿ ಕೊಡಬೇಕು. ಇದಕ್ಕೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ಮಾಡಿಸುವ ನೋಂದಣಿ, ಇರಬೇಕು. ಅದು ಆನ್‌ಲೈನ್‌ನಲ್ಲಿ ಉಚಿತ. ಬರೀ ಕೊಂಡು ಮಾರುವವರಿಗೆ ಈ 45 ದಿನದ ರಕ್ಷಣೆ ಸಿಗುವುದಿಲ್ಲ, ನೆನಪಿರಲಿ.

ಈ ಹೆಜ್ಜೆ ಮುಗಿಯುವವರೆಗೆ ಹೊಸ ಸಾಲ ಬೇಡ. ಸಬ್ಸಿಡಿ ಇದೆ ಅಂತ ಯಾರಾದರೂ ಹೇಳಿದರೂ ಬೇಡ.

ನಾಲ್ಕನೇ ಹೆಜ್ಜೆ: ಕೆಲಸ ಬಿಡಿ, ಕೆಲಸ ಕೊಡಿ

ಈಗ ಎರಡು ವಾರದ ನೋಟ್‌ಬುಕ್ ತೆಗೆಯಿರಿ. ಸಾಮಾನ್ಯವಾಗಿ ಕಾಣುವುದು ಹೀಗೆ. ಯಾವ ಕೆಲಸ ಇಷ್ಟಪಟ್ಟು ವ್ಯಾಪಾರ ಶುರು ಮಾಡಿದಿರೋ ಅದಕ್ಕೆ ದಿನದಲ್ಲಿ ಒಂದು ಗಂಟೆಯೂ ಸಿಗುತ್ತಿಲ್ಲ. ಗಂಧದ ಕೆತ್ತನೆ ಮಾಡುವ ಗುಡಿಗಾರರೊಬ್ಬರು ಉಳಿ ಹಿಡಿಯುವ ಬದಲು ದಿನವಿಡೀ ಆರ್ಡರ್, ಕೊರಿಯರ್, ಬಿಲ್ಲು ಅಂತ ಓಡಾಡುತ್ತಿರುತ್ತಾರೆ. ಅಡುಗೆ ಇಷ್ಟಪಟ್ಟವರು ಕೆಲಸದವರ ಜಗಳ ಬಿಡಿಸುತ್ತಿರುತ್ತಾರೆ. ಕಳೆಯುವ ಗುರುತಿನ ಕೆಲಸಗಳನ್ನು ಒಂದೊಂದಾಗಿ ನೋಡಿ. ಇದನ್ನು ನಿಲ್ಲಿಸಿದರೆ ಏನಾಗುತ್ತದೆ? ಇದನ್ನು ಬೇರೆಯವರು ಮಾಡಬಹುದೇ?

ನಿಲ್ಲಿಸುವುದು ಸುಲಭ, ಅಲ್ಲಿಂದ ಶುರು ಮಾಡಿ. ಶಿರಸಿಯ ಒಂದು ಮನೆ ಘಟಕ ಹಪ್ಪಳ, ಚಿಪ್ಸು, ತೊಡದೇವು, ಉಪ್ಪಿನಕಾಯಿ, ಶರಬತ್ತು ಅಂತ ಇಪ್ಪತ್ತಕ್ಕೂ ಜಾಸ್ತಿ ಬಗೆ ಮಾಡುತ್ತದೆ ಅಂದುಕೊಳ್ಳಿ. ಮೂರು ತಿಂಗಳ ಮಾರಾಟ ಬರೆದು ನೋಡಿದರೆ ಐದಾರು ಬಗೆಯೇ ಮನೆ ನಡೆಸುತ್ತಿರುತ್ತವೆ. ಉಳಿದವು ಡಬ್ಬಿ, ಲೇಬಲ್, ಜಾಗ, ತಲೆನೋವು. ಅವುಗಳಲ್ಲಿ ಅರ್ಧ ಈ ಮಳೆಗಾಲದಲ್ಲೇ ನಿಲ್ಲಿಸಿ. ಎರಡು ಡಬ್ಬಿಗಾಗಿ ಮುಂಡಗೋಡದವರೆಗೆ ಗಾಡಿ ಓಡಿಸುವುದೂ ನಿಲ್ಲಲಿ. ಸದಾ ಚೌಕಾಶಿ ಮಾಡಿ, ಸದಾ ದೂರಿ, ಸದಾ ತಡವಾಗಿ ದುಡ್ಡು ಕೊಡುವ ಒಬ್ಬ ಗಿರಾಕಿ ಎಲ್ಲರಿಗೂ ಇರುತ್ತಾರೆ. ಅವರಿಗೆ "ಇನ್ನು ಮೇಲೆ ಆಗುವುದಿಲ್ಲ" ಎಂದು ಮರ್ಯಾದೆಯಿಂದ ಹೇಳಿ. ಒಬ್ಬರನ್ನು ಬಿಟ್ಟರೆ ಎಷ್ಟು ಹಗುರಾಗುತ್ತದೆ ಎಂದು ಬಿಟ್ಟವರಿಗೇ ಗೊತ್ತು.

ಕೆಲಸ ಬೇರೆಯವರಿಗೆ ಕೊಡುವುದು ಕಷ್ಟ. ಹುಡುಗರು ಗೋವಾಕ್ಕೋ ಬೆಂಗಳೂರಿಗೋ ಹೋಗಿದ್ದಾರೆ, ಜನ ಸಿಗುವುದಿಲ್ಲ ಎಂಬ ಮಾತು ಸುಳ್ಳಲ್ಲ. ಆದರೆ ಇಡೀ ದಿನದ ಕೆಲಸಕ್ಕೆ ಸಿಗದವರು ದಿನಕ್ಕೆ ಮೂರು ಗಂಟೆಯ ಕೆಲಸಕ್ಕೆ ಸಿಗುತ್ತಾರೆ. ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಬಿಡುವಿರುವ ಹೆಂಗಸರು, ಸ್ವಸಹಾಯ ಸಂಘದವರು, ನಿವೃತ್ತರಾದ ಗುಮಾಸ್ತರು ಇದ್ದಾರೆ. ಪ್ಯಾಕಿಂಗ್, ಬುಕಿಂಗ್ ಫೋನು, ಕಿರ್ದಿ ಬರೆಯುವುದು, ಇಂಥ ಒಂದೇ ಕೆಲಸ ಆರಿಸಿ. ಅದನ್ನು ಹೇಗೆ ಮಾಡುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಒಂದು ವಾರ ಅವರು ನೋಡಲಿ, ಒಂದು ವಾರ ಅವರು ಮಾಡುವಾಗ ನೀವು ನೋಡಿ. ಆಮೇಲೆ ಅಲ್ಲಿಂದ ಎದ್ದು ಹೋಗಿ. ನಿಮ್ಮಷ್ಟು ಚೆನ್ನಾಗಿ ಮಾಡದಿದ್ದರೂ ಪರವಾಗಿಲ್ಲ, ಗಿರಾಕಿಗೆ ತೊಂದರೆಯಾಗದಷ್ಟು ಆದರೆ ಸಾಕು.

ತೆರಿಗೆಯ ಓಡಾಟ ಭಾರವಾಗಿದ್ದರೆ ನಿಮ್ಮ ಲೆಕ್ಕದವರ ಜೊತೆ ಜಿಎಸ್‌ಟಿಯ ಕಂಪೋಸಿಷನ್ ಪದ್ಧತಿಯ ಬಗ್ಗೆ ಮಾತಾಡಿ. ಮಾಲು ಮಾರುವವರಿಗೆ ವರ್ಷದ ವಹಿವಾಟು 1.5 ಕೋಟಿಯವರೆಗೆ ಇದ್ದರೆ ಇದು ಸಿಗುತ್ತದೆ. ವ್ಯಾಪಾರಿಗಳಿಗೆ 1%, ಮದ್ಯ ಕೊಡದ ಹೋಟೆಲುಗಳಿಗೆ 5% ತೆರಿಗೆ. ಮೂರು ತಿಂಗಳಿಗೊಮ್ಮೆ ಕಟ್ಟಿದರಾಯಿತು, ವರ್ಷಕ್ಕೊಂದು ರಿಟರ್ನ್. ಆದರೆ ಖರೀದಿಯ ಮೇಲೆ ಕೊಟ್ಟ ತೆರಿಗೆ ವಾಪಸ್ ಸಿಗುವುದಿಲ್ಲ, ಗೋವಾ, ಮಹಾರಾಷ್ಟ್ರದಂಥ ಹೊರರಾಜ್ಯಕ್ಕೆ ಮಾಲು ಮಾರುವಂತಿಲ್ಲ. ಗಡಿಯ ಕಾರವಾರದವರು ಇದನ್ನು ಮೊದಲೇ ಯೋಚಿಸಿಕೊಳ್ಳಬೇಕು.

ಮತ್ತೆ, ರಜೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಕೆಲಸದವರಿಗೆ ವಾರಕ್ಕೊಂದು ರಜೆ ಕೊಡಬೇಕು ಅನ್ನುತ್ತದೆ. ಮಾಲೀಕರಿಗೆ ಯಾರೂ ಕೊಡುವುದಿಲ್ಲ, ನೀವೇ ತೆಗೆದುಕೊಳ್ಳಬೇಕು. ವಾರದಲ್ಲಿ ಅತಿ ಕಡಿಮೆ ವ್ಯಾಪಾರದ ದಿನ ಯಾವುದೆಂದು ಕಿರ್ದಿಯಲ್ಲಿ ನೋಡಿ, ಆ ದಿನ ಬಾಗಿಲು ಹಾಕಿ. ಅರ್ಧ ದಿನ ಅಲ್ಲ, ಇಡೀ ದಿನ. ಫೋನೂ ಬಂದ್.

ಐದನೇ ಹೆಜ್ಜೆ: ನಿಮ್ಮ ಕಸುಬಿಗೆ ದಿನಕ್ಕೆರಡು ಗಂಟೆ

ಮನಃಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಮನುಷ್ಯರಿಗೆ ಒಳಗಿನಿಂದ ಹುರುಪು ಬರಲು ಮೂರು ಸಂಗತಿ ಬೇಕು ಅಂದಿದ್ದಾರೆ. ನಿರ್ಧಾರ ನನ್ನದು ಅನಿಸಬೇಕು, ಕೈ ಪಳಗುತ್ತಿದೆ ಅನಿಸಬೇಕು, ನನ್ನವರು ಅನ್ನುವ ಜನ ಜೊತೆಗಿರಬೇಕು. ವ್ಯಾಪಾರ ಶುರು ಮಾಡಿದಾಗ ಮೂರೂ ಇದ್ದವು. ವರ್ಷಗಳಾದ ಮೇಲೆ ಮೊದಲು ಸೊರಗುವುದು ಎರಡನೆಯದು. ಹೊಸದಾಗಿ ಕಲಿಯುವುದು ನಿಂತಿರುತ್ತದೆ.

ಹಿಂದಿನ ಹೆಜ್ಜೆಯಲ್ಲಿ ಉಳಿಸಿದ ಹೊತ್ತನ್ನು ಇದಕ್ಕೆ ಕೊಡಿ. ಬೆಳಗಿನ ಎರಡು ಗಂಟೆ ನಿಮ್ಮ ಕಸುಬಿಗೇ ಮೀಸಲು. ದೋಣಿ ಎಂಜಿನ್ ರಿಪೇರಿಯವರು ಹೊಸ ಮಾದರಿಯ ಎಂಜಿನ್ ಬಿಚ್ಚಿ ಕಲಿಯಲಿ. ಹೊಲಿಗೆಯವರು ತಮಗೆ ಕಷ್ಟವಾದ ಒಂದು ವಿನ್ಯಾಸ ಹಿಡಿಯಲಿ. ಉಪ್ಪಿನಕಾಯಿಯವರು ಬೇರೆ ಬೇರೆ ಮರದ ಅಪ್ಪೆಮಿಡಿ ಬೇರೆ ಬೇರೆ ಜಾಡಿಯಲ್ಲಿ ಹಾಕಿ, ಯಾವುದು ವರ್ಷ ಕಳೆದರೂ ಗಟ್ಟಿ ಉಳಿಯುತ್ತದೆ ಎಂದು ಬರೆದಿಡಲಿ. ಹೋಮ್‌ಸ್ಟೇಯವರು ತಮ್ಮ ತೋಟದ ಮರ, ಹಕ್ಕಿಗಳ ಬಗ್ಗೆ ತಿಳಿದುಕೊಳ್ಳಲಿ. ಇದರಿಂದ ತಕ್ಷಣ ದುಡ್ಡು ಬರಬೇಕಿಲ್ಲ.

ಆರನೇ ಹೆಜ್ಜೆ: ಒಂಟಿಯಾಗಿರಬೇಡಿ

ನಿಮ್ಮದೇ ಊರಿನ ಅದೇ ವ್ಯಾಪಾರದವರ ಜೊತೆ ಮನಸ್ಸು ಬಿಚ್ಚಿ ಮಾತಾಡಲು ಆಗುವುದಿಲ್ಲ, ಅದು ಸಹಜ. ಬೇರೆ ಊರಿನವರನ್ನು ಹುಡುಕಿ. ಹೊನ್ನಾವರದ ಬೇಕರಿಯವರು ಹಳಿಯಾಳದ ಬೇಕರಿಯವರ ಜೊತೆ ದರ, ಹಿಟ್ಟು, ಕೆಲಸದವರ ಕಷ್ಟ ಎಲ್ಲ ಮಾತಾಡಬಹುದು, ಗಿರಾಕಿ ಬೇರೆ ಬೇರೆ ತಾನೆ. ಇಡೀ ದಿನ ಅವರ ಅಂಗಡಿಯಲ್ಲಿ ಕೂತು ನೋಡಿ, ಅವರನ್ನೂ ಕರೆಯಿರಿ. ದಲ್ಲಾಳಿಗಳ ಮುಂದೆ ಒಬ್ಬೊಬ್ಬರೇ ನಿಂತು ಸೋತ ಅಡಿಕೆ ಬೆಳೆಗಾರರು ಒಟ್ಟಾಗಿ 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಮಾರಾಟ ಸಹಕಾರ ಸಂಘ ಕಟ್ಟಿದ ನೆಲ ಇದು. ನಾಲ್ಕು ಜನ ಸೇರಿ ಡಬ್ಬಿ, ಲೇಬಲ್ ಒಟ್ಟಿಗೆ ತರಿಸುವುದಂತೂ ನಮಗೆ ಹೊಸತಲ್ಲ.

ಮನೆಯವರ ಜೊತೆಯ ಮಾತು ಇದಕ್ಕಿಂತ ಮುಖ್ಯ. ಅಪ್ಪಯ್ಯ ಇನ್ನೂ ಗಲ್ಲೆಯ ಮೇಲೆ ಕೂತು ಪ್ರತಿ ನಿರ್ಧಾರಕ್ಕೂ ತಲೆ ಅಲ್ಲಾಡಿಸುತ್ತಿದ್ದರೆ, ವ್ಯಾಪಾರ ನಿಮ್ಮದು ಅನಿಸುವುದೇ ಇಲ್ಲ. ಜಗಳವಾಡದೆ ಒಂದು ಭಾಗವನ್ನು ಪೂರ್ತಿ ಕೇಳಿ ಪಡೆಯಿರಿ. "ಖರೀದಿ ನೀವೇ ನೋಡಿ ಅಪ್ಪಯ್ಯ, ದರ ಮತ್ತು ಕೆಲಸದವರನ್ನು ನನಗೆ ಬಿಡಿ." ಹೆಂಡತಿ ಸಂಬಳವಿಲ್ಲದೆ ದುಡಿಯುತ್ತಿದ್ದರೆ ಅವರಿಗೂ ಮೂರನೇ ಹೆಜ್ಜೆಯ ಸಂಬಳ ಇರಲಿ, ಅವರದೇ ಖಾತೆಗೆ. ಮನೆಯಲ್ಲಿ ಬೇಸತ್ತವರು ನೀವೊಬ್ಬರೇ ಅಲ್ಲದಿರಬಹುದು. ಕೇಳಿ ನೋಡಿ.

ಏಳನೇ ಹೆಜ್ಜೆ: ಈಗ ಹೊಸದು, ಆದರೆ ಒಂದೇ

ಆಗಸ್ಟ್ ಹೊತ್ತಿಗೆ ಮೇಲಿನದೆಲ್ಲ ಒಂದು ಹದಕ್ಕೆ ಬಂದರೆ, ಒಂದು ಹೊಸ ಪ್ರಯತ್ನ ಮಾಡಿ. ಮೊದಲೇ ಮೂರು ಗೆರೆ ಹಾಕಿಕೊಳ್ಳಿ. ಎಷ್ಟು ದುಡ್ಡು ಹೋದರೂ ಸರಿ, ಯಾವ ತಾರೀಕಿನವರೆಗೆ, ಏನಾದರೆ ಗೆದ್ದ ಹಾಗೆ. ಉದಾಹರಣೆಗೆ ಮುರುಗಲ ಶರಬತ್ತನ್ನು ಸಣ್ಣ ಬಾಟಲಿಯಲ್ಲಿ 100 ಮಾತ್ರ ಮಾಡಿ, ಎರಡು ಅಂಗಡಿಗೆ ಕೊಟ್ಟು, ದೀಪಾವಳಿಯೊಳಗೆ 70 ಖಾಲಿಯಾದರೆ ಮುಂದುವರಿಸುವುದು. ಆಗದಿದ್ದರೆ ನಿಲ್ಲಿಸುವುದು, ಬೇಸರವಿಲ್ಲದೆ.

ನಮ್ಮ ನೆಲದ ಹೆಸರು ಬಳಸಿಕೊಳ್ಳಿ. ಶಿರಸಿ ಅಡಿಕೆಗೆ 2019ರಲ್ಲಿ, ಅಂಕೋಲಾದ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಆದರೆ ಆ ಹೆಸರು, ಲಾಂಛನವನ್ನು ಲೇಬಲ್ ಮೇಲೆ ಹಾಕಬೇಕಾದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಮಾಲನ್ನು ಪುಣೆ, ಮುಂಬೈಗೆ ಕಳಿಸಿ ಮಾರುವ ಆಸೆ ಇದ್ದರೆ, ವಹಿವಾಟು ಚಿಕ್ಕದಾದರೂ ಹೊರರಾಜ್ಯ ಮಾರಾಟಕ್ಕೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಶಿರಸಿಯವರಾದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಷ್ಟು ಒಳ್ಳೆಯ ಪರೀಕ್ಷೆ ಬೇರೆ ಇಲ್ಲ. ಒಂದೇ ವಾರದಲ್ಲಿ ಸಾವಿರಾರು ಜನರ ರುಚಿ ತಿಳಿಯುತ್ತದೆ.

ಎಂಟನೇ ಹೆಜ್ಜೆ: ದೀಪಾವಳಿಗೆ ತೀರ್ಮಾನ

ದೀಪಾವಳಿಗೆ ಹೇಗೂ ಲಕ್ಷ್ಮೀಪೂಜೆ ಮಾಡುತ್ತೀರಿ, ಲೆಕ್ಕದ ಪುಸ್ತಕ ಮುಂದಿಡುತ್ತೀರಿ. ಅದಕ್ಕೂ ಮೊದಲಿನ ಎರಡು ವಾರ ನೋಟ್‌ಬುಕ್ ಅನ್ನು ಮತ್ತೆ ಬರೆದು, ಜೂನ್‌ನದರ ಪಕ್ಕ ಇಡಿ. ಕೂಡಿಸುವ ಗುರುತು ಜಾಸ್ತಿಯಾಗಿದೆಯೇ? ಸಂಬಳ ತಪ್ಪದೆ ಬಂದಿದೆಯೇ? ಹೌದಾದರೆ ಇದೇ ದಾರಿಯಲ್ಲಿ ಮುಂದುವರಿಯಿರಿ, ಮುಂದಿನ ಜೂನ್‌ನಲ್ಲಿ ಮತ್ತೆ ನೋಡೋಣ.

ಲೆಕ್ಕ ಸರಿಯಾಗಿದೆ, ಕೆಲಸ ಹಗುರಾಗಿದೆ, ಆದರೂ ಮನಸ್ಸು ಬರುತ್ತಿಲ್ಲ ಅಂದರೆ ವ್ಯಾಪಾರ ಬಿಡುವುದೂ ಮರ್ಯಾದೆಯ ತೀರ್ಮಾನವೇ. ಅದನ್ನು ಸೋಲು ಅನ್ನುವವರ ಮಾತಿಗೆ ಕಿವಿ ಕೊಡಬೇಡಿ. ಆದರೆ ಒಮ್ಮೆಲೇ ಬಾಗಿಲು ಎಳೆಯಬೇಡಿ. ನಡೆಯುತ್ತಿರುವ ಅಂಗಡಿಯನ್ನು ಕೊಳ್ಳುವವರಿದ್ದಾರೆ, ಮುಚ್ಚಿದ ಅಂಗಡಿಯಲ್ಲಿ ಸಿಗುವುದು ಬರೀ ಕಪಾಟಿನ ಬೆಲೆ. ಮೊದಲು ನಿಮ್ಮ ಕೆಲಸದವರನ್ನು ಕೇಳಿ, ನಡೆಸುವ ಧೈರ್ಯ ಅವರಲ್ಲೇ ಒಬ್ಬರಿಗೆ ಇರಬಹುದು. ಕೊಡುವುದಾದರೆ ಕೆಲಸದವರ ಬಾಕಿ, ಬಾಡಿಗೆಯ ಮುಂಗಡ, ಹೆಸ್ಕಾಂನಲ್ಲಿಟ್ಟ ಠೇವಣಿ ಇವೆಲ್ಲ ಬರವಣಿಗೆಯಲ್ಲಿ ಚುಕ್ತಾ ಆಗಲಿ. ಜಿಎಸ್‌ಟಿ ನೋಂದಣಿ ಇದ್ದರೆ ರದ್ದತಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ರದ್ದಾದ ಮೇಲೆ 3 ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಇರುತ್ತದೆ. ಕಂಪೋಸಿಷನ್‌ನಲ್ಲಿದ್ದವರು ಅದನ್ನು ತುಂಬಬೇಕಿಲ್ಲ. ಉಳಿದವರಲ್ಲಿ ಇದನ್ನು ತುಂಬಲು ಮರೆತವರಿಗೇ ಆಮೇಲೆ ನೋಟಿಸು ಬರುವುದು. ಕರಾವಳಿಯವರು ಕೊಳ್ಳುವವರನ್ನು ಅಕ್ಟೋಬರ್, ನವೆಂಬರ್‌ನಲ್ಲಿ ಹುಡುಕಿ. ಮುಂದೆ ಸೀಸನ್ ಇರುವಾಗ ಸಿಗುವ ಬೆಲೆ ಜೂನ್‌ನಲ್ಲಿ ಸಿಗುವುದಿಲ್ಲ.